ಒಬ್ಬಳಿಗೆ ಎರಡು ಕಾಯಿಲೆ

ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಮಧುಗಿರಿಯಲ್ಲಿ ಶಿರಾ ಬಸ್ಸಿಗೆ ಕಾಯುತ್ತಿದ್ದೆ. ಎದುರಿಗೆ ಪಾವಗಡದ ಇದ್ದಿಲು ಬಸ್ಸಿಗೆ ಬೆಂಕಿ ಊದುತ್ತಿದ್ದರು. ಪಕ್ಕದ ಜಗಲಿಯಲ್ಲಿ ಒಬ್ಬ ತಾಯಿ, ಅವಳ ತಮ್ಮ. ನಡುವೆ ತಲೆ ತಗ್ಗಿಸಿ ಕೂತ ಮಗಳು. ಬೆಂಗಳೂರಿನ ಆಸ್ಪತ್ರೆಯಿಂದ ಬಂದವರೆಂದು ಮಾತಿನಲ್ಲೇ ತಿಳಿಯಿತು.

“ಮೊದಲ್ನೇ ಡಾಕ್ಟ್ರು ಬಾಣಂತಿ ಸನ್ನಿ, ವಾಸಿಯಾಯ್ತದೆ ಅಂದ್ರಲ್ಲ ಮುದ್ದಕ್ಕ.”

“ಆಮೇಲೆ ಬಂದೋರು ಅದೇನೋ ಸ್ಕಿಜೋಫ್ರೇನಿಯಾ ಅಂದ್ರು. ಅಷ್ಟು ಸುಲಭವಾಗಿ ಬುಟ್ಟು ಹೋಗಾಕಿಲ್ವಂತೆ.”

“ಇಬ್ರೂ ನೋಡಿದ್ದು ಇವಳನ್ನೇ ತಾನೆ?”

“ಇವಳನ್ನೇ ಕಣಪ್ಪ. ಮೊದಲ್ನೋರು ಪಕ್ಕದಲ್ಲಿ ಕೂತು ನಮ್ ಕಡೆ ತೆಲುಗಲ್ಲೇ ಕೇಳಿದ್ರು, ಎಲ್ಲಾ ಹೇಳಿದ್ಲು. ಇನ್ನೊಬ್ರ ಮುಂದೆ ಬಾಯೇ ಬುಡ್ಲಿಲ್ಲ.”

“ಬೀಗರಿಗೆ ಸನ್ನಿ ಅಂತ್ಲೇ ಹೇಳಾನ. ಆ ಇನ್ನೊಂದು ಹೆಸರು ಕೇಳಿದ್ರೆ ಮಗೂನ ಇವಳ ಕೈಗೆ ಕೊಡಾಕಿಲ್ಲ.”

“ನಾಳೆ ಮತ್ತೆ ಕಿವೀಲಿ ಯಾರೋ ಮಾತಾಡ್ದಂಗೆ ಆ ದನಿ ಕೇಳುಸ್ತದೆ ಅಂದ್ರೆ?”



“ಈಗ್ಲೂ ಕೇಳುಸ್ತದೆ,” ಎಂದಳು ಮಗಳು. “ಮೊದಲಷ್ಟು ಜೋರಿಲ್ಲ. ಇಬ್ರು ಡಾಕ್ಟ್ರು ಅಂದಿದ್ದನ್ನೂ ಅತ್ತೆ ಮಾವಂಗೆ ನಾನೇ ಹೇಳ್ತೀನಿ. ‘ನೀವೆಲ್ಲ ಇದ್ದಾಗ್ಲೇ ಮಗೂನ ಎತ್ಕೋತೀನಿ, ನೋಡಿ’ ಅಂತೀನಿ.”

ಪಾವಗಡದ ಬಸ್ಸು ಹೊರಡುವ ಸದ್ದಾಯಿತು. ತಾಯಿ ಮಗಳ ಸೆರಗು ಸರಿಮಾಡಿದಳು. ಮೂವರೂ ಎದ್ದು ಹೋದರು; ಮಗಳು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು.