ಶೀಲ್ಡ್ ಕೊಟ್ಟವರ ಮನೆಯವರು

ಶಿರಸಿ ಬಸ್‌ಸ್ಟ್ಯಾಂಡಲ್ಲಿ ಯಲ್ಲಾಪುರದ ಬಸ್ಸಿಗೆ ಕಾಯ್ತಾ ಕೇಳಿಸ್ಕೊಂಡಿದ್ದು ಇದು. ಪಕ್ಕದ ಬೆಂಚಲ್ಲಿ ದಾಸನಕೊಪ್ಪದ ಕಬಡ್ಡಿ ಕಮಿಟಿಯ ಶಂಭುಲಿಂಗ, ಹೊಸ ಶೀಲ್ಡ್ ತೊಡೆ ಮೇಲಿಟ್ಕೊಂಡ ಗಿರಿಜವ್ವ.

“ಚಿಗವ್ವಾ, ಕಾಕಾ ತೀರ್ಕೊಂಡು ತಿಂಗಳಾಗಿಲ್ಲ. ಹತ್ತು ವರ್ಷ ಶೀಲ್ಡ್ ಕೊಟ್ಟಾರ, ಈ ವರ್ಷ ಬ್ಯಾಡ ಅಂದಿದ್ವಿ.”

“ಅವರು ಕೊಡ್ತೀನಿ ಅಂದಿದ್ರು. ಕೊಟ್ಟಾತು.”

“ಹಂಗಾರ ಸ್ಟೇಜಿಗೆ ಬರ್ರಿ. ಶಾಲು ಹೊದಿಸ್ತೀವಿ.”

“ಅವರಿಗೆ ಹೊದಿಸಿದ್ದ ಹತ್ತು ಅದಾವ ಮನ್ಯಾಗ. ಮಡಚಿಟ್ಟಿದ್ದು ಒಂದೂ ಬಿಚ್ಚಿಲ್ಲ.”

“ಮತ್ತ ನಿಮ್ಮನ್ನ ಹೆಂಗ ಗೌರವಿಸೋದು?”

“ಹತ್ತು ವರ್ಷ ಆಟಗಾರರಿಗೆ ರೊಟ್ಟಿ ಬಡದೀನಿ. ಆಟ ಒಮ್ಮೆನೂ ನೋಡಿಲ್ಲ.”

“ಯಾರೂ ಕರೀಲಿಲ್ಲೇನು?”

“ಇಲ್ಲ.”



“ಅಂಕಣದ ಹತ್ರಾನೇ ಕುರ್ಚಿ ಹಾಕಸ್ತೀನಿ, ಚಿಗವ್ವಾ.”

“ಹಂಗಾರ ರೊಟ್ಟಿಗೆ ಬ್ಯಾರೆದವರನ್ನ ನೋಡ್ಕೋರಿ.”

ದಾಸನಕೊಪ್ಪದ ಬಸ್ ಬಂತು. ಇಬ್ರೂ ಹತ್ತಿ ಹೋದ್ರು.