ರೂಫಸನ ಇಕ್ಕಳ

ಅಮೆರಿಕದ ಮೆಂಫಿಸ್‌ನ ಚರ್ಚೊಂದರಲ್ಲಿ ಕೊಲೆಸ್ಟರಾಲ್ ನೋಡುವ ಬಿಟ್ಟಿ ರಕ್ತಪರೀಕ್ಷೆ. ಮಾತ್ರೆ ಕೊಳ್ಳಲಾಗದಂತೆ ಮಾಡಿಟ್ಟ ಈ ದೇಶದಲ್ಲಿ ಬಡವರ ಎದೆಗೆ ಅಡುಗೆಮನೆಯೇ ಆಸ್ಪತ್ರೆ ಎಂದು ಗೊಣಗುತ್ತ ಸಾಲಿನಲ್ಲಿ ನಿಂತಿದ್ದ ವೆಲ್ಮಾಳ ಮೂಗಿಗೆ ಬೆಳ್ಳುಳ್ಳಿ ಘಾಟು ಬಡಿಯಿತು. ಅವಳ ಮುಂದೆ ನಿಂತಿದ್ದವರು ಯಾರೋ ಅಕ್ಕ, ತಮ್ಮ.

"ರೂಫಸ್, ಈ ಸಲಾನೂ ಕೊಲೆಸ್ಟರಾಲ್ ಇಳಿದಿಲ್ಲ ಅಂದ್ರೆ ಶನಿವಾರ ನೆಂಟರಿಗೆ ಮಾಂಸ ಸುಡೋದು ನಿನ್ನ ಭಾವ. ಇಕ್ಕಳ ಅವರ ಕೈಗೆ."

"ಅಕ್ಕಾ, ಭಾವ ಸುಟ್ರೆ ಹಂದಿ ಎರಡನೇ ಸಲ ಸತ್ತಂಗೆ!"

"ನಾನು ಹೇಳಿದ ಓಟ್ಸ್, ಬೆಳ್ಳುಳ್ಳಿ ತಿಂಗಳಿಂದ ದಿನಾ ತಿಂದ್ಯಾ?"

"ದಿನಾ ಅಂತ ಅಲ್ಲ. ಒಟ್ಟಿಗೆ ತಿಂದೆ."

"ಯಾವಾಗ?"

"ಇವತ್ತು ಬೆಳಿಗ್ಗೆ. ಒಂದು ಪಾತ್ರೆ ಓಟ್ಸ್ ಗಂಜಿ, ಮೂರು ಗಡ್ಡೆ ಬೆಳ್ಳುಳ್ಳಿ."

"ಮಂಕೇ! ಖಾಲಿ ಹೊಟ್ಟೇಲಿ ಬನ್ನಿ ಅಂತ ಬಾಗಿಲಲ್ಲೇ ಬರೆದಿದಾರಲ್ಲೋ!"

"ಹಸಿವಿಗೆ ತಿಂದಿಲ್ಲಕ್ಕಾ, ಔಷಧಿ ಅಂತ ತಿಂದೆ."

ಸರದಿ ಬಂತು. ರೂಫಸ್ ನಮಸ್ಕಾರ ಹೇಳಲು ಬಾಯಿ ತೆರೆದದ್ದೇ ತಡ, ನರ್ಸ್ ಮೂಗು ಮುಚ್ಚಿಕೊಂಡು ಬಾಗಿಲು ತೋರಿಸಿದಳು. "ತಿಂದು ಬಂದಿದೀರ. ಮುಂದಿನ ತಿಂಗಳು ಬನ್ನಿ."

"ಕೇಳಿದ್ಯಾ ಅಕ್ಕಾ? ಇಳಿದಿಲ್ಲ ಅಂತ ಯಾರೂ ಹೇಳಲಿಲ್ಲ. ಇಕ್ಕಳ ನಂದೇ."

"ಹಿಡ್ಕೋ," ಎಂದಳು ಅಕ್ಕ, ಅವನನ್ನು ಹೊರಗೆ ದಬ್ಬುತ್ತ. "ಬಾಯಿ ಮಾತ್ರ ಮುಚ್ಕೊಂಡು ಸುಡು. ನೆಂಟರು ಉಳೀಬೇಕು."