ಮೀನಿಗೆ ಕಣ್ಣು ತೆರೆಸಿದವರು

೧೯೭೭ರ ಜೂನ್. ಶನಿವಾರ ಮಧ್ಯಾಹ್ನ ಫ್ಲೋರಲ್ ಪಾರ್ಕ್ ಎಂಬ ಆ ಪರದೇಶದ ಊರಿನಲ್ಲಿ ಹಿಡಿದ ಮಳೆ ಬಿಡಲಿಲ್ಲ. ಪಿಕ್‌ನಿಕ್ಕಿಗೆ ಹೊರಟಿದ್ದ ಮೂರು ಮನೆಯವರು ನಿರುಪಮಾಳ ಬೇಸ್‌ಮೆಂಟಿನಲ್ಲೇ ಪುಳಿಯೋಗರೆ ಡಬ್ಬಿ ಬಿಚ್ಚಿಕೊಂಡು ಕೂತರು. ಮಕ್ಕಳು ದೆವ್ವದ ಕತೆ ಬೇಕೆಂದರು. ಎಲ್ಲರೂ ಧಾರವಾಡದ ಗುರುಸಿದ್ದಮ್ಮನವರ ಕಡೆ ತಿರುಗಿದರು. ಎಂಟು ವರ್ಷದಿಂದ ಒಬ್ಬರೇ ಇದ್ದವರು. ಗಂಡ ಗದಿಗೆಪ್ಪ ಹೇಗೆ ಸತ್ತರೆಂದು ನಿರುಪಮಾ ಒಮ್ಮೆಯೂ ಕೇಳಿರಲಿಲ್ಲ.

"ಜಪಾನಿ ಮೀನಿನ ಚಿತ್ರದ ಕತಿ ಹೇಳ್ತೀನಿ."

"ವೆಜಿಟೇರಿಯನ್ ಮನೇಲಿ ಮೀನಾ, ಆಂಟಿ?" ನಿರುಪಮಾಳ ಗಂಡ ಶ್ಯಾಮ್ ಎಲ್ಲರನ್ನೂ ನಗಿಸಿದ.

"ಕಟ್ಟಿಗಿ ಮೀನಪಾ, ಮುಳ್ಳಿರಂಗಿಲ್ಲ. ಸುಮ್ನ ಕೇಳು.

"ನಮ್ಮವ್ರದು ದೇವರ ಮೂರ್ತಿ ಕೆತ್ತೋ ಮನಿತನ. ಇಲ್ಲಿ ಒಬ್ಬ ಜಪಾನಿ ಮುದುಕನ ಕಡೆ ಕೆಲಸಕ್ಕಿದ್ರು. ಮುದುಕ ತೆಳು ಕಾಗದದ ಮ್ಯಾಲೆ ಮೀನು ಬರದ್ರ, ಇವ್ರು ಅದನ್ನ ಚೆರ್ರಿ ಹಲಗಿಗೆ ಬೋರಲ ಅಂಟಿಸಿ, ಗೆರಿ ಬಿಟ್ಟು ಉಳದದ್ದೆಲ್ಲಾ ಉಳೀಲೆ ತಗೀತಿದ್ರು... ಮೀನಿನ ಮೈಮ್ಯಾಲಿನ ಒಂದೊಂದ ಹುರುಪಿ, ಕೂದಲೆಳಿಯಷ್ಟ ಗೆರಿ... ಆಮ್ಯಾಲೆ ಮಸಿ ಹಚ್ಚಿ, ಕಾಗದ ಹಾಸಿ ತಿಕ್ಕಿದ್ರ ಮೀನು ಎದ್ದು ಬರ್ತಿತ್ತು. ಕಣ್ಣು ಮೊದಲ ಕೆತ್ತು, ಇದು ಬರೇ ಅಚ್ಚು ಅಂತ ಮುದುಕ ಹೇಳಿದ್ದ. ಇವ್ರು ಕೇಳಬೇಕಲ್ಲ? ನಮ್ಮ ಕಡೆ ಮೂರ್ತಿಗೆ ಕಣ್ಣು ಕಡೀಕೆ ತೆರಸ್ತಾರ. ಮೊದಲನೇ ನೋಟ ಮನಷ್ಯಾನ ಮ್ಯಾಲೆ ಬೀಳಬಾರದಂತ ಎದುರಿಗೆ ಕನ್ನಡಿ ಹಿಡೀತಾರ. ಅವತ್ತ ನಾ ಬುತ್ತಿ ತಗೊಂಡ ಹೋಗಿದ್ದೆ. ರೂಢಿ ನೋಡ್ರಿ... ಮಂತ್ರ ಅಂದು, ಕಡೀಕೆ ಕಣ್ಣು ತೆರಸಿದ್ರು. ನಾ ಕನ್ನಡಿ ಹುಡಕಾಕ ಹೊಂಟ್ರ, 'ಮೀನಿಗೆ ಎಲ್ಲೀ ಕನ್ನಡಿ, ಹುಚ್ಚಿ' ಅಂತ ನಕ್ಕರು.

"ಅದು ಇವರನ್ನ ನೋಡ್ತು.

"ಹಚ್ಚಿದ್ದು ಕರಿ ಮಸಿ, ಕಾಗದ ಬಂದಿದ್ದು ಕೆಂಪಗ! ಇವ್ರ ಅಂಗೈ ಚರ್ಮ ಹುರುಪಿ ಹುರುಪಿಯಾಗಿ ಸೀಳಿತ್ತು. ಸಾಕ್ರಿ ಅಂದೆ. ಕೈ ನಿಲ್ಲವಲ್ದು... ಎರಡನೇ ಕಾಗದ, ಮೂರನೇದು... ಮೊಣಕೈತನಾ ಮಾಂಸ ಎದ್ದು ಬಂತು, ಕುತಿಗಿ ಎರಡೂ ಕಡೆ ಹರದು ಕಿವಿರಿನಂಗ ಬಡಕೊಳ್ಳಾಕ ಹತ್ತಿತು. ಗಂಡನ್ನ ಉಳಿಸ್ಕೋಬೇಕು, ಬ್ಯಾರೆ ಏನ ಹೊಳೀತದ ಹೇಳ್ರಿ? ಗೋಡಿಗಿದ್ದ ಕೊಡಲಿ ಕಿತ್ತು ಹಲಗಿ ನಡುವ ಹೊಡದೆ.

"ಹಲಗಿ ಸೀಳಿತು... ಅದರ ಕೂಡ ನಮ್ಮವ್ರ ನಡಾನೂ. ರಕ್ತ ನನ್ನ ಬಾಯಿಗೇ ಹಾರಿತು."

"ನೋ ವೇ," ಎಂದಿತು ಒಂದು ಮಗು. ನಿರುಪಮಾ ಕಾಫಿ ಲೋಟ ಹಿಡಿದು ನಿಂತೇ ಇದ್ದಳು.

"ಪೊಲೀಸ್ರು ಬಂದ್ರು. ಕೊಡಲಿಗೆ ರಕ್ತ ಇಲ್ಲ, ಬರೇ ಕಟ್ಟಿಗಿ ಪುಡಿ. ನನ್ನ ಬಿಟ್ರು. ಹಲಗಿಯ ಬಾಲದ ಹೋಳು ಒಣಗಿ ಸತ್ತಿತ್ತು. ತಲಿ ಕಡೇದು..."

"ಅದನ್ನ ಏನು ಮಾಡಿದ್ರಿ, ಆಂಟಿ?" ನಿರುಪಮಾ ಕೇಳಿದಳು.

"ನಮ್ಮ ಬಾತ್‌ಟಬ್ಬಿನಾಗ ಐತಿ, ತಂಗಿ. ಕಿವಿರು ಬಡಕೊಳ್ತಾವ... ಇವ್ರು ನನ್ನ ಮಗ್ಗಲಿಗೆ ಮಲಗಿದಾಗ ಹೆಂಗ ಉಸಿರಾಡ್ತಿದ್ರೋ, ಹಂಗ. ಇನ್ನೊಂದ ಏಟು ಹಾಕಿದ್ರ ಮುಗೀತು. ಒಬ್ಬಾಕಿ ಎಷ್ಟ ಸರ್ತಿ ಗಂಡನ್ನ ಕಡೀಬೇಕವಾ?... ಯಾರರ ಮನಿಗೆ ಡ್ರಾಪ್ ಮಾಡ್ರಿ. ಇವತ್ತ ನೀರು ಬದಲಿಸಿಲ್ಲ. ಉಸಿರು ಹಿಡಕೊಂಡು ನನ್ನ ದಾರಿ ಕಾಯಾಕ ಹತ್ತಿರ್ತಾರ."